2019ರ ಲ್ಯಾಪ್‌ಟಾಪ್‌ನಲ್ಲೇ 4ಕೆ ಮದುವೆ ಎಡಿಟಿಂಗ್: ನನ್ನ ಅನುಭವ

ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇಂಟೆಲ್ ಐ5 9300ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, ಆ ಕಾರ್ಡಿನಲ್ಲಿ 4 ಜಿಬಿ ಮೆಮೊರಿ. ತಗೊಂಡಿದ್ದು 2019ರಲ್ಲಿ, ಅರವತ್ತೆರಡು ಸಾವಿರಕ್ಕೆ. ಇದರಲ್ಲೇ ಮೂರು ಕ್ಯಾಮೆರಾದ 4ಕೆ ಮದುವೆ ಎಡಿಟ್ ಮಾಡ್ತೀನಿ ಅಂದರೆ ತುಮಕೂರಿನ ನಮ್ಮ ಸ್ಟುಡಿಯೋದವರು ನಂಬುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಟೈಮ್‌ಲೈನ್ ಓಡಿಸಿ ತೋರಿಸಿದ ಮೇಲೆ ಇಬ್ಬರು ಒಪ್ಪಿದರು. ಉಳಿದವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ತೊಂದರೆ ಶುರುವಾಗಿದ್ದು 2023ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ನಮ್ಮದೆಲ್ಲ ಸೋನಿ ಎ7 3 ಕ್ಯಾಮೆರಾದ ಫುಟೇಜ್. ಎಂಟು ಬಿಟ್ ಬಣ್ಣದ್ದು, ಸಲೀಸಾಗಿ ಓಡುತ್ತಿತ್ತು. ಆ ಮದುವೆಗೆ ಜೊತೆಗೆ ಬಂದ ಹುಡುಗ ಅದರ ಮುಂದಿನ ಮಾದರಿ ಎ7 4 ತಂದ. ನೋಡೋಕೆ ಫುಟೇಜ್ ಸೊಗಸಾಗಿತ್ತು. ಆದರೆ ಧಾರೆಯ ಮಲ್ಟಿಕ್ಯಾಮ್ (ಮೂರೂ ಕ್ಯಾಮೆರಾ ಒಟ್ಟಿಗೆ ಓಡುವ ಟೈಮ್‌ಲೈನ್) ಹಾಕಿ ಸ್ಪೇಸ್ ಒತ್ತಿದರೆ, ಧಾರೆ ಎರೆಯುವ ಹಾಲು ಕೈಯಿಂದ ಕೆಳಗೆ ಬೀಳುವ ಮುಂಚೆಯೇ ಚಿತ್ರ ನಿಂತುಬಿಡುತ್ತಿತ್ತು. ಗಟ್ಟಿಮೇಳ ಮಾತ್ರ ಮುಂದೆ ಹೋಗುತ್ತಿತ್ತು. ಒಂದು ಕಟ್‌ಗೆ ಐದು ಸಲ ಹಿಂದೆ ಹೋಗಬೇಕು. ಡೆಲಿವರಿ ಇಪ್ಪತ್ತು ದಿನ ತಡವಾಯಿತು. ಪಾರ್ಟಿಯವರು ಬ್ಯಾಲೆನ್ಸ್‌ನಲ್ಲಿ ಐದು ಸಾವಿರ ಹಿಡಿದುಕೊಂಡರು.

ಎಲ್ಲರ ಬಾಯಲ್ಲೂ ಒಂದೇ ಮಾತು: "ಹೊಸದು ತಗೋ." ಅಂಗಡಿಯಲ್ಲಿ ರೈಜನ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಇರುವ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿದರು. ಒಂದು ಲಕ್ಷ ಹದಿನೆಂಟು ಸಾವಿರ. ಇಎಂಐ ಹಾಕಿದರೆ ತಿಂಗಳಿಗೆ ಹತ್ತೂವರೆ ಸಾವಿರದ ಹತ್ತಿರ, ಒಂದು ವರ್ಷ. ಸ್ಟುಡಿಯೋದವರು ಆಗ ನನಗೆ ಕೊಡುತ್ತಿದ್ದದ್ದು ಒಂದು ಮದುವೆಗೆ ಒಂಬತ್ತು ಸಾವಿರ. ಅಂದರೆ ತಿಂಗಳಿಗೆ ಒಂದು ಮದುವೆಯ ದುಡಿಮೆ ಪೂರ್ತಿ ಅದಕ್ಕೇ. ಮದುವೆಯೇ ಇಲ್ಲದ ತಿಂಗಳಲ್ಲೂ ಕಟ್ಟಬೇಕು, ಅಲ್ವಾ?

ಸಹಿ ಹಾಕುವ ಹಿಂದಿನ ದಿನ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ಅದರಲ್ಲಿ ನಿಮ್ಮ ಫೈಲ್ ಓಡುತ್ತಾ ಅಂತ ನೋಡಿದ್ರಾ?" ನೋಡಿರಲಿಲ್ಲ. ಮೂರು ಕ್ಲಿಪ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೆಂಗಳೂರಿನ ಒಬ್ಬ ಗೆಳೆಯನ ಮನೆಗೆ ಹೋದೆ. ಅವನ ಹತ್ತಿರ ಹೆಚ್ಚುಕಡಿಮೆ ಅದೇ ಲ್ಯಾಪ್‌ಟಾಪ್ ಇತ್ತು. ಎ7 4ರ ಒಂದು ಆಂಗಲ್ ಚೆನ್ನಾಗಿಯೇ ಓಡಿತು. ಮೂರು ಹಾಕಿದ ತಕ್ಷಣ ಅಲ್ಲೂ ಎಳೆಯತೊಡಗಿತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು (ಪ್ರೊಸೆಸರ್) ತುದಿಗೆ ಹೋಗಿದೆ, ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ ವಿಡಿಯೋ ಡಿಕೋಡ್, ಅಂದರೆ ಫೈಲ್ ಬಿಚ್ಚುವ ಕೆಲಸದ ಗ್ರಾಫ್, ಸೊನ್ನೆಯಲ್ಲಿ ಮಲಗಿದೆ.

ಆ ಗೆರೆ ನೋಡಿದಾಗಲೇ ನನಗೆ ವಿಷಯ ಹೊಳೆದಿದ್ದು. ಹುಡುಗ ತೆಗೆದಿದ್ದು ಸೋನಿಯ ಎಕ್ಸ್‌ಎವಿಸಿ ಎಚ್‌ಎಸ್ ಫಾರ್ಮ್ಯಾಟ್, ಬಣ್ಣದ ವಿವರ ಹೆಚ್ಚಿಡುವ 4:2:2, 10 ಬಿಟ್. ಎಚ್.265 ವಿಧಾನದಲ್ಲಿ ಬಿಗಿಯಾಗಿ ಕುಗ್ಗಿಸಿದ ಆ ಫೈಲನ್ನು ಆರ್‌ಟಿಎಕ್ಸ್ 40 ಸರಣಿಯ ಕಾರ್ಡೂ ಹಾರ್ಡ್‌ವೇರ್‌ನಲ್ಲಿ ಬಿಚ್ಚುವುದಿಲ್ಲ, ರೈಜನ್ ಒಳಗಿನ ಗ್ರಾಫಿಕ್ಸೂ ಬಿಚ್ಚುವುದಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಗುತ್ತದೆ, ನನ್ನದು 9ನೇದು. ಲಕ್ಷ ಮೀರಿ ದುಡ್ಡು ಕೊಟ್ಟು ಅದೇ ತೊಂದರೆಯನ್ನು ಮನೆಗೆ ತರುತ್ತಿದ್ದೆ.

ಮನೆಗೆ ಬಂದು ನನ್ನ ಲ್ಯಾಪ್‌ಟಾಪ್‌ನಲ್ಲೂ ಅದೇ ಗ್ರಾಫ್ ಇಟ್ಟುಕೊಂಡು ಕೂತೆ. ಎ7 3ರ ಕ್ಲಿಪ್‌ಗೆ ಡಿಕೋಡ್ ಗೆರೆ ಏಳುತ್ತೆ, ಸಿಪಿಯು ಮೂವತ್ತು-ನಲವತ್ತರಲ್ಲಿ ಆರಾಮಾಗಿರುತ್ತೆ. ಎ7 4ರ ಕ್ಲಿಪ್‌ಗೆ ಗೆರೆ ಏಳಲ್ಲ, ಸಿಪಿಯು ನೂರು. ಜೊತೆಗೆ 8 ಜಿಬಿ ರ‍್ಯಾಮ್‌ನಲ್ಲಿ ಏಳೂವರೆ ತುಂಬಿದೆ. ಫುಟೇಜ್ ಇದ್ದ ಹಳೇ ಹಾರ್ಡ್ ಡಿಸ್ಕ್ ಸುಮ್ನೆ ಕೂತಾಗಲೂ ನೂರು ತೋರಿಸುತ್ತಿದೆ. ಅಂದರೆ ಕಾಯಿಲೆ ಒಂದಲ್ಲ, ಮೂರು.

ಮೊದಲ ಮದ್ದಿಗೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಕ್ಯಾಮೆರಾ ಮೆನುವಿನಲ್ಲಿ 4:2:2 ತೆಗೆದು 4:2:0 10 ಬಿಟ್ (ಬಣ್ಣದ ವಿವರ ಸ್ವಲ್ಪ ಕಡಿಮೆ, ಆದರೆ ನನ್ನ ಕಾರ್ಡ್ ಬಿಚ್ಚುವಂಥದ್ದು) ಇಡು ಅಂದೆ. ಹುಡುಗ ಒಪ್ಪಲಿಲ್ಲ. "ಅಣ್ಣ, ಕಲರ್ ಹೋಗುತ್ತೆ." "ಹೋಗಲ್ಲ ಕಣೋ. ಒಂದು ಆರತಕ್ಷತೆ ತೆಗಿ, ಇಬ್ಬರೂ ಕೂತು ನೋಡೋಣ" ಅಂದೆ. ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ಎಸ್‌-ಲಾಗ್ 3ನಲ್ಲೇ ತೆಗೆದ. ಗ್ರೇಡ್ ಮಾಡಿ ಮೈಬಣ್ಣ, ರೇಷ್ಮೆ ಸೀರೆಯ ಅಂಚು, ಸ್ಟೇಜಿನ ನೀಲಿ ಲೈಟು ಎಲ್ಲ ಹಿಗ್ಗಿಸಿ ನೋಡಿದೆವು. ಅವನಿಗೂ ವ್ಯತ್ಯಾಸ ಸಿಗಲಿಲ್ಲ. ಗ್ರೀನ್ ಸ್ಕ್ರೀನ್ ಕೆಲಸಕ್ಕೆ 4:2:2 ಬೇಕು, ನಾನೂ ಒಪ್ಪುತ್ತೇನೆ. ಮಂಟಪದಲ್ಲಿ ಗ್ರೀನ್ ಸ್ಕ್ರೀನ್ ಎಲ್ಲಿ ಬರಬೇಕು?

ಆ ವರ್ಷ ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣವೂ ಬಂತು. ಎರಡು ತಿಂಗಳು ಮದುವೆ ಇಲ್ಲ. ಲ್ಯಾಪ್‌ಟಾಪ್ ಬಿಚ್ಚೋಕೆ ಇದಕ್ಕಿಂತ ಒಳ್ಳೇ ಸಮಯ ಇಲ್ಲ. ಬೆಳಗಿನ ಟ್ರೈನ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ನಡೆದೆ. 16 ಜಿಬಿಯ ರ‍್ಯಾಮ್ ಒಂದು, ಎರಡು ಸಾವಿರದ ಒಂಬೈನೂರಕ್ಕೆ ಸಿಕ್ಕಿತು. ಹಳೇ 8ರ ಜೊತೆ ಹಾಕಿದೆ, 24 ಆಯಿತು. ಎರಡೂ ಒಂದೇ ಅಳತೆ ಇರಬೇಕು ಅಂತ ಹೆದರಿಸಿದವರಿದ್ದರು. ನನಗೇನೂ ತೊಂದರೆ ಆಗಿಲ್ಲ.

ಎಡವಿದ್ದು ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಯಲ್ಲಿ. ಎಂ.2 ಅಂತ ಕೇಳಿದೆ, ಅಂಗಡಿಯವನು ಕೊಟ್ಟ, ಹಾಕಿದೆ, ಲ್ಯಾಪ್‌ಟಾಪ್ ಗುರುತೇ ಹಿಡಿಯಲಿಲ್ಲ. ಎಂ.2 ಆಕಾರದಲ್ಲೇ ಎರಡು ಬಗೆ: ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ. ಅವನು ಕೊಟ್ಟಿದ್ದು ಸಾಟಾ. ನನ್ನ ಸ್ಲಾಟ್ ಎನ್‌ವಿಎಂಇ ಮಾತ್ರ ತಗೊಳ್ಳುತ್ತೆ. ತುದಿಯಲ್ಲಿ ಎರಡು ಕಚ್ಚು ಇದ್ದರೆ ಅನುಮಾನಪಡಿ, ಕೇಳಿಯೇ ತಗೊಳ್ಳಿ. ವಾಪಸ್ ಕೊಡಲು ಮತ್ತೆ ಬೆಂಗಳೂರಿಗೆ ಹೋಗಬೇಕಾಯಿತು, ಐನೂರು ರೂಪಾಯಿ ಹಿಡಿದರು. 1 ಟಿಬಿಯ ಎನ್‌ವಿಎಂಇ ನಾಲ್ಕು ಸಾವಿರದ ಇನ್ನೂರು ಬಿತ್ತು. ಅದಕ್ಕೂ ಮುಂಚೆ ಒಂಬೈನೂರು ಕೊಟ್ಟು ಒಂದು ಯುಎಸ್‌ಬಿ ಹಬ್ ತಗೊಂಡು, ಹೊರಗಿನ ಹಾರ್ಡ್ ಡಿಸ್ಕ್‌ನಿಂದಲೇ ಎಡಿಟ್ ಮಾಡಲು ನೋಡಿದ್ದೆ. ಅದು ದಂಡ.

ಫ್ಯಾನ್ ಬಿಚ್ಚಿದಾಗ ಗ್ರಿಲ್‌ಗೆ ಧೂಳು ಕಂಬಳಿಯ ಹಾಗೆ ಅಂಟಿತ್ತು, ಉಗುರಲ್ಲಿ ಎತ್ತಿದರೆ ಹಾಳೆಯಂತೆ ಎದ್ದು ಬಂತು. ಮುಂಚೆ ಎಕ್ಸ್‌ಪೋರ್ಟ್ ಮಾಡುವಾಗ ಶಾಖ 97-98 ಡಿಗ್ರಿ ಮುಟ್ಟಿ, ಸ್ಪೀಡ್ 2.3 ಗಿಗಾಹರ್ಟ್ಸ್‌ಗೆ ಇಳಿಯುತ್ತಿತ್ತು. ಕ್ಲೀನ್ ಮಾಡಿ ಹೊಸ ಥರ್ಮಲ್ ಪೇಸ್ಟ್ ಹಾಕಿದ ಮೇಲೆ 85ರ ಸುತ್ತ, ಸ್ಪೀಡ್ 3.4. ಖರ್ಚು ಆರುನೂರು. ಆದರೆ ಮುಚ್ಚುವಾಗ ಕೀಬೋರ್ಡ್ ರಿಬ್ಬನ್‌ನ ಸಣ್ಣ ಲಾಕ್ ಮುರಿಯಿತು. ಅದು ಮೇಲಕ್ಕೆ ಏಳುವಂಥದ್ದು, ನಾನು ಎಳೆದುಬಿಟ್ಟೆ. ಸರಿ ಮಾಡಿಸಲು ಏಳುನೂರು. ಎಲ್ಲ ಸೇರಿಸಿದರೂ ಹತ್ತು ಸಾವಿರದ ಒಳಗೇ ಮುಗಿಯಿತು.

ಇನ್ನು ಪ್ರಾಕ್ಸಿ, ಅಂದರೆ ಎಡಿಟ್ ಮಾಡುವಾಗ ಮೂಲ ಫೈಲಿನ ಬದಲು ಬಳಸುವ ಹಗುರ ನಕಲು. ಮೊದಲು ಎಚ್.264ನಲ್ಲಿ ಸಣ್ಣ ಸೈಜಿಗೆ ಮಾಡಿದೆ. ಪ್ಲೇ ಆಗುತ್ತಿತ್ತು, ಆದರೆ ಹಿಂದೆ ಮುಂದೆ ಎಳೆದಾಗ ತಡವರಿಸುತ್ತಿತ್ತು. ಎಡಿಟಿಂಗ್‌ಗೆಂದೇ ಇರುವ ಪ್ರೋರೆಸ್ ಪ್ರಾಕ್ಸಿ ಫಾರ್ಮ್ಯಾಟ್, 1280x720ಕ್ಕೆ ಬದಲಾಯಿಸಿದೆ. 50ಪಿ (ಸೆಕೆಂಡಿಗೆ 50 ಫ್ರೇಮ್) ಫುಟೇಜ್‌ಗೆ ಗಂಟೆಗೆ ಹದಿನೈದು-ಹದಿನೇಳು ಜಿಬಿ ತಿನ್ನುತ್ತೆ, ತಿನ್ನಲಿ. ಬೆಣ್ಣೆಯ ಹಾಗೆ ಓಡುತ್ತೆ. ಒಮ್ಮೆ ಜಾಗ ಉಳಿಸೋಣ ಅಂತ ಪ್ರಾಕ್ಸಿಯಲ್ಲಿ ಆಡಿಯೋ ತೆಗೆದೆ. ಚಾನಲ್ ಹೊಂದಲ್ಲ ಅಂತ ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಅದನ್ನು ಮೂಲ ಕ್ಲಿಪ್‌ಗೆ ಅಟ್ಯಾಚ್ ಮಾಡಲೇ ಇಲ್ಲ. ಇಡೀ ರಾತ್ರಿ ಮಾಡಿದ್ದು ಹೋಯಿತು, ಮತ್ತೆ ಮೊದಲಿಂದ. ಈಗ ಮಂಟಪದಿಂದ ಬಂದು ಕಾಪಿ ಹಾಕಿ, ಪ್ರಾಕ್ಸಿಗೆ ಬಿಟ್ಟು ಮಲಗುತ್ತೇನೆ. ಧಾರೆಯ ಮಲ್ಟಿಕ್ಯಾಮ್ ಜೋಡಿಸುವುದರಲ್ಲಿ ನನ್ನದೊಂದು ಕ್ರಮ ಇದೆ, ಟೀಸರ್ ಮಾರನೇ ದಿನವೇ ಕೊಡೋಕೆ ಆಗುವುದು ಅದರಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನೂ ಹದಿನೈದು ದಿನ ನೋಡಿದೆ. ಕಲರ್ ಕೆಲಸ ಬಹಳ ಇಷ್ಟವಾಯಿತು. ನನ್ನ 4 ಜಿಬಿ ಕಾರ್ಡಿಗೆ 4ಕೆ ಟೈಮ್‌ಲೈನ್ ಭಾರವಾಯಿತು, 1080ಕ್ಕೆ ಇಳಿಸಿದರೆ ಸರಿ. ಸ್ಟುಡಿಯೋದವರು ಪ್ರೀಮಿಯರ್ ಪ್ರಾಜೆಕ್ಟ್ ಕಳಿಸುವುದರಿಂದ ವಾಪಸ್ ಬಂದೆ. ಇನ್ನೊಂದು, ನೆಂಟರು ಮೊಬೈಲ್‌ನಲ್ಲಿ ತೆಗೆದ ಕ್ಲಿಪ್ ಹಾಕಿದರೆ ಹಾಡು ಮತ್ತು ತುಟಿ ತಪ್ಪಿ ಹೋಗುತ್ತಿತ್ತು. ಅದಕ್ಕೂ ಲ್ಯಾಪ್‌ಟಾಪ್‌ಗೂ ಸಂಬಂಧ ಇಲ್ಲ, ಮೊಬೈಲ್‌ನ ಫ್ರೇಮ್ ರೇಟ್ ಏರಿಳಿಯುತ್ತೆ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದನ್ನು ಕಾನ್‌ಸ್ಟಂಟ್ ಮಾಡಿಕೊಂಡರೆ ಸರಿಹೋಗುತ್ತೆ.

ಐದು ನಿಮಿಷದ 4ಕೆ ಟೀಸರ್ ಎಕ್ಸ್‌ಪೋರ್ಟ್ ಆಗಲು ಮೊದಲು ಮೂವತ್ತೈದು ನಿಮಿಷ ತಗೊಳ್ಳುತ್ತಿತ್ತು, ಈಗ ಹನ್ನೆರಡು-ಹದಿಮೂರು. ಎರಡೂವರೆ ಗಂಟೆಯ ಪೂರ್ತಿ ಮದುವೆ ವಿಡಿಯೋ ಆರು ಗಂಟೆಯಿಂದ ಮೂರಕ್ಕೆ ಬಂತು. ಡೆಲಿವರಿ ತಡವಾಗಿ ಐದು ಸಾವಿರ ಹಿಡಿದ ಮನೆಯವರೇ ಮುಂದಿನ ವರ್ಷ ತಂಗಿಯ ಮದುವೆ ಕೊಟ್ಟರು, ಪೂರ್ತಿ ದುಡ್ಡು ಕೊಟ್ಟರು.

ಈಗಲೂ ಆಗದೇ ಇರುವ ಕೆಲಸ ಒಂದಿದೆ: ಕತ್ತಲಲ್ಲಿ ತೆಗೆದ ಆರತಕ್ಷತೆಯ 4ಕೆ ಫುಟೇಜ್‌ಗೆ ಡಿನಾಯ್ಸ್, ಅಂದರೆ ಚಿತ್ರದ ಕಾಳುಕಾಳು ತೆಗೆಯುವುದು. ಒಂದು ಹಾಡಿಗೆ ಇಡೀ ರಾತ್ರಿ ಬೇಕು. ಅಂಥ ಕೆಲಸ ತಿಂಗಳಿಗೆ ಎರಡು-ಮೂರು ಬರಲು ಶುರುವಾದ ದಿನ ಹೊಸದು ತಗೊಳ್ಳುತ್ತೇನೆ. ಆಗ ಒಳಗೆ ಗ್ರಾಫಿಕ್ಸ್ ಇರುವ ಇಂಟೆಲ್ ಪ್ರೊಸೆಸರ್, ಇಲ್ಲವೇ 4:2:2 ಬಿಚ್ಚುವ ಆರ್‌ಟಿಎಕ್ಸ್ 50 ಸರಣಿಯದ್ದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದೆ, ನಾನು ಹೇಳಿದ ರೇಟಿಗೆ ಈಗ ಸಿಗಲ್ಲ, ಅಂಗಡಿಗೆ ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಆ ಮೂರು ಕ್ಲಿಪ್ ಇರುವ ಪೆನ್‌ಡ್ರೈವ್ ನನ್ನ ಹತ್ತಿರ ಇನ್ನೂ ಇದೆ. ಹೊಸ ಲ್ಯಾಪ್‌ಟಾಪ್ ನೋಡಲು ಹೊರಟ ಗೆಳೆಯರು ಈಗ ಅದನ್ನೇ ಇಸಿದುಕೊಂಡು ಹೋಗುತ್ತಾರೆ.