ಮೈದಾನ ಮುಚ್ಚಿದ ಮೇಲೆ ಪಿ.ಟಿ. ಮಾಸ್ಟ್ರ ಕೆಲಸ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಶಾಲೆ ಮುಚ್ಚಿತು, ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಬೆಳಗಿನ ವಾಕಿಂಗೂ ನಿಂತಿತು. ಬೆಳಗಿಂದ ರಾತ್ರಿವರೆಗೆ ಟಿವಿಯಲ್ಲಿ ಸೋಂಕಿತರ ಲೆಕ್ಕ. ನಿದ್ದೆ ಕೆಟ್ಟಿತು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದೆ.

ಮೊದಲು ಹೊತ್ತು ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ವಾಟ್ಸಾಪ್ ಮುಟ್ಟುವ ಮುಂಚೆ, ಸಂಜೆ ದೀಪ ಹಚ್ಚುವ ಮುಂಚೆ ಮೈ ಬೆವರಬೇಕು. ಎಷ್ಟು ಎನ್ನುವುದು ಆಮೇಲಿನ ಮಾತು. ಬೆಲ್ಲೇ ಹೊಡೆಯದ ದಿನಗಳಲ್ಲಿ ನನಗೆ ಆಸರೆಯಾದದ್ದು ಬಸ್ಕಿಗಿಂತ ಹೆಚ್ಚಾಗಿ ಆ ಎರಡು ಹೊತ್ತು.

ಮನೆಯ ಬಾವಿಗೆ ಪಂಪು ಇದೆ. ಅದನ್ನು ಬಿಟ್ಟು ರಾಟೆಗೆ ಹಗ್ಗ ಹಾಕಿ ಮಲ್ಲಿಗೆ ಗಿಡಗಳಿಗೆ ನೀರು ಸೇದತೊಡಗಿದೆ. ಏಪ್ರಿಲ್‌ನಲ್ಲಿ ನೀರು ತಳ ಸೇರಿರುತ್ತದೆ. ಕಾಲು ಅಗಲಿಸಿ, ಮಂಡಿ ತುಸು ಬಗ್ಗಿಸಿ, ಸೊಂಟ ತಿರುಚದೆ, ಎಳೆಯುವಾಗ ಉಸಿರು ಬಿಡುತ್ತಾ ಸೇದಿದರೆ ಭುಜ, ಬೆನ್ನು, ತೊಡೆ ಎಲ್ಲಕ್ಕೂ ಕೆಲಸ. ಕೊಡಪಾನ ಬಾವಿಯ ಗೋಡೆಗೆ ಬಡಿಯದ ಹಾಗೆ ನೋಡಿಕೊಳ್ಳಬೇಕಲ್ಲ, ತಲೆಯಲ್ಲಿ ಬೇರೆ ಯೋಚನೆಗೆ ಜಾಗವೇ ಇಲ್ಲ. "ಎಂತ ಮಾಸ್ಟ್ರೇ, ಪಂಪು ಹಾಳಾಯ್ತಾ?" ಎಂದು ಪಕ್ಕದ ಮನೆಯವರು ಕೇಳಿದರು. ಹೌದೆಂದೆ, ವಿವರಿಸುವುದಕ್ಕಿಂತ ಅದು ಸುಲಭ.

ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಬಂದವರನ್ನು ಕ್ವಾರಂಟೈನ್‌ನಲ್ಲಿ ಇಟ್ಟರು. ಅವರಲ್ಲಿ ನನ್ನ ಹಳೆ ವಿದ್ಯಾರ್ಥಿಯೊಬ್ಬನಿದ್ದ, ಹೋಟೆಲ್ ಕೆಲಸ ಹೋಗಿತ್ತು. ಫೋನ್ ಮಾಡಿದರೆ "ಹ್ಞೂಂ ಸರ್" ಬಿಟ್ಟು ಮಾತಿಲ್ಲ. ಸಂಜೆ ಫೋನ್ ಕಿವಿಗಿಟ್ಟುಕೊಂಡು ಅವನು ಕೋಣೆಯಲ್ಲಿ, ನಾನು ಅಂಗಳದಲ್ಲಿ ಒಟ್ಟಿಗೆ ನಡೆಯುವುದೆಂದು ಮಾತಾಯಿತು. ವೇಗಕ್ಕೆ ನನ್ನ ಅಳತೆ ಇಷ್ಟೇ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೂತಾಗ ಬಾಯಿ ಬಿಡದ ಹುಡುಗ ನಡೆಯುತ್ತಾ ಸಾಲ, ಅಮ್ಮ, ಕೆಲಸ ಎಲ್ಲ ಹೇಳಿಕೊಂಡ. ಎದುರುಬದುರು ಕೂತು "ಏನು ಬೇಜಾರು?" ಎಂದು ಕೇಳಿದರೆ ಗಂಡುಮಕ್ಕಳು ಬಾಯಿ ಬಿಡುವುದು ಕಡಿಮೆ, ಕಾಲಿಗೆ ಕೆಲಸ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಇದು ಯಾವ ತರಬೇತಿಯಲ್ಲೂ ನನಗೆ ಸಿಕ್ಕಿದ್ದಲ್ಲ.

ಮಳೆ ಹಿಡಿದ ಮೇಲೆ ಎಲ್ಲ ಚಾವಡಿಯಲ್ಲೇ. ಸ್ವಲ್ಪ ಬೇಸರವೇ, ಆದರೂ ನಡೆಯಿತು.

ಆ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಒಮ್ಮೆಗೆ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನೂ ಕೈಬಿಟ್ಟಿತ್ತು. ಬಿಡುವಿಲ್ಲ ಎನ್ನುವ ಪಾಲಕರಿಗೆ ಹೇಳಲು ನನಗೆ ಬೇಕಾಗಿದ್ದದ್ದು ಇದೇ: ಮೆಟ್ಟಿಲು, ಅಂಗಳ ಗುಡಿಸುವುದು, ಎಲ್ಲವೂ ಲೆಕ್ಕಕ್ಕುಂಟು.

2021ರ ಎರಡನೇ ಅಲೆಯಲ್ಲಿ ಜ್ವರ ಬಿಟ್ಟ ಮಕ್ಕಳು ಓಡಲು ಹೊರಟಾಗ ನಾನೇ ತಡೆದೆ. ಮೊದಲು ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ. ಎದೆ ನೋವು, ಎದೆಬಡಿತ ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ. ಮನಸ್ಸಿನ ವಿಷಯವೂ ಹಾಗೆ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದ ಒಬ್ಬ ತಾಯಿಗೆ ನಡಿಗೆ ಹೇಳಲು ಹೋಗಲಿಲ್ಲ, ಮನೋವೈದ್ಯರಿಗೆ ತೋರಿಸಿ ಎಂದೆ. ಮದ್ದು ಶುರುವಾಗಿ ಕೆಲವು ವಾರಗಳ ಮೇಲೆ ಅವರೇ ಕೇಳಿದರು, "ಈಗ ನಡೆಯಬಹುದಾ ಮಾಸ್ಟ್ರೇ?"