ಹಬ್ಬದ ಎಲೆಯ ಮುಂದೆ ಪಥ್ಯ

ಯುಗಾದಿ ಬಂತೆಂದರೆ ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಎರಡರಲ್ಲೊಂದು ನಡೆಯುವುದನ್ನು ನೋಡುತ್ತಲೇ ಬಂದಿದ್ದೇನೆ. "ವರ್ಷಕ್ಕೊಂದು ಹಬ್ಬ, ಇವತ್ತೊಂದು ದಿನ ಏನೂ ಆಗಲ್ಲ" ಎಂದು ಎಲೆ ತುಂಬ ಒಬ್ಬಟ್ಟು ಬಡಿಸುತ್ತಾರೆ. ಇಲ್ಲವೇ, ಮನೆಯವರಿಗೆಲ್ಲ ಬಾಳೆಲೆ ಹಾಕಿ ಅವರೊಬ್ಬರಿಗೆ ಮಾತ್ರ ತಟ್ಟೆಯಲ್ಲಿ ಎರಡು ಚಪಾತಿ ಇಡುತ್ತಾರೆ. ನನಗೆ ಹೆಚ್ಚು ಸಂಕಟವಾಗುವುದು ಈ ಎರಡನೆಯದನ್ನು ಕಂಡಾಗ. ಹಿರಿಯರನ್ನು ಪಂಕ್ತಿಯಿಂದ ಎಬ್ಬಿಸಿ ಮಾಡುವ ಪಥ್ಯ ಅವರ ಮನಸ್ಸನ್ನು ಮುರಿಯುತ್ತದೆ. ಸಂಜೆ ಯಾರೂ ಇಲ್ಲದಾಗ ಅವರು ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದರೆ ತಪ್ಪು ಅವರದಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ, ಅಂದರೆ ವಯಸ್ಕರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ. ಹತ್ತು ದೊಡ್ಡವರ ಪಂಕ್ತಿಯಲ್ಲಿ ಒಬ್ಬರಾದರೂ ಇರುತ್ತಾರೆ ಎಂದುಕೊಂಡೇ ಹಬ್ಬದಡುಗೆ ಮಾಡಬೇಕಾದ ಕಾಲ ಇದು.

ಮೊದಲು ಬೆಳಗಿನ ವಿಷಯ. ಎಣ್ಣೆಸ್ನಾನ, ಬೇವು-ಬೆಲ್ಲ, ಪೂಜೆ, ನೈವೇದ್ಯ ಎಲ್ಲ ಮುಗಿದು ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಇನ್ಸುಲಿನ್ ಸೂಜಿ ಹಾಕಿಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ನುಂಗುವವರು ಅಲ್ಲಿಯವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಅಂಥವರು ಪೂಜೆಗೆ ಕಾಯಬಾರದು. ಮಡಿ ಇರುವ ಮನೆಯಾದರೆ ಹಾಲು, ಹಣ್ಣು, ಒಂದು ಹಿಡಿ ನೆನೆಸಿದ ಬಾದಾಮಿಯಾದರೂ ಹೊಟ್ಟೆಗೆ ಬೀಳಲಿ. ಊಟ ತಡವಾಗುತ್ತದೆಂದು ಗೊತ್ತಿದ್ದರೆ ಮಾತ್ರೆ, ಸೂಜಿಯ ಹೊತ್ತನ್ನು ಹಬ್ಬಕ್ಕೆ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಇನ್ನೊಂದು ಮಾತು: ಬೆಳಗಿನಿಂದ ಏನೂ ತಿನ್ನದವರು ಎಲೆ ಮುಂದೆ ಕೂತರೆ ಕೈ ಹಿಡಿತಕ್ಕೆ ಸಿಗುವುದಿಲ್ಲ. ತೂಕ ಇಳಿಸಬೇಕೆಂದು ಪಥ್ಯ ಮಾಡುವ ಹುಡುಗಿಯರಿಗೂ ಇದೇ ಹೇಳುತ್ತೇನೆ.

ಇನ್ನು ಒಬ್ಬಟ್ಟು. ಹಬ್ಬದ ದಿನ ಅದನ್ನು ಪೂರ್ತಿ ಬಿಡಿ ಎಂದು ನಾನಂತೂ ಹೇಳುವುದಿಲ್ಲ. ಆದರೆ ಅಳತೆ ಹಿಂದಿನ ದಿನವೇ ತೀರ್ಮಾನವಾಗಿರಬೇಕು. ಸಾಮಾನ್ಯವಾಗಿ ಒಂದು ಲೋಟ ಬೇಳೆಗೆ ಒಂದು ಲೋಟ ಬೆಲ್ಲ ಹಾಕುತ್ತೇವೆ; ಮುಕ್ಕಾಲು ಲೋಟ ಹಾಕಿ, ಏಲಕ್ಕಿ ಸ್ವಲ್ಪ ಮುಂದಾಗಿ ಕುಟ್ಟಿ ಹಾಕಿದರೆ ಹೂರಣದ ರುಚಿ ಕೆಡುವುದಿಲ್ಲ, ಮಕ್ಕಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ಒಬ್ಬಟ್ಟು ತಟ್ಟಿ ಅರ್ಧ ಮುರಿದು ಕೊಡುವುದಕ್ಕಿಂತ ಅಂಗೈಯಗಲದ ಪುಟ್ಟ ಒಬ್ಬಟ್ಟುಗಳನ್ನು ಬೇರೆಯಾಗಿ ತಟ್ಟಿ. ಎಲೆಯ ಮೇಲೆ ಇಡೀ ಒಬ್ಬಟ್ಟು ಕಂಡರೆ ತಿನ್ನುವವರಿಗೆ ಸಮಾಧಾನ. ಬಿಸಿಯಾಗಿ ಒಂದು ಚಮಚ ತುಪ್ಪ ಹಾಕಿ ಕೊಡಿ, ನಿಧಾನವಾಗಿ ಸವಿಯಲಿ. "ಬೆಲ್ಲದ್ದಲ್ಲವಾ, ಸಕ್ಕರೆ ಅಲ್ಲವಲ್ಲ" ಎಂಬ ಮಾತನ್ನು ಮಾತ್ರ ಮನೆಯಿಂದ ಓಡಿಸಿಬಿಡಿ. ಬೆಲ್ಲದಲ್ಲಿ ಬಹುಪಾಲು ಇರುವುದೂ ಸಕ್ಕರೆಯೇ, ರಕ್ತದಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿಸುತ್ತದೆ. ಮೈದಾ ಬಿಟ್ಟು ಗೋಧಿಹಿಟ್ಟಿನ ಕಣಕ ಮಾಡಿದರೂ ಒಳಗಿನ ಹೂರಣ ಅದೇ ತಾನೇ.

ಒಬ್ಬಟ್ಟಿನ ಸಾರಿನ ಕಡೆಗೂ ಗಮನವಿರಲಿ. ಬೇಳೆ ಬಸಿದ ಕಟ್ಟಿನ ಜೊತೆ ರುಚಿಗೆಂದು ಹೂರಣವನ್ನೂ ಧಾರಾಳವಾಗಿ ಕದಡುತ್ತೇವೆ, ಆ ಸಿಹಿ ಲೆಕ್ಕಕ್ಕೇ ಬರುವುದಿಲ್ಲ. ಒಂದು ಚಮಚ ಹೂರಣ ಸಾಕು. ಹುಣಿಸೆಹಣ್ಣು, ಸಾರಿನಪುಡಿ, ಕರಿಬೇವಿನ ಒಗ್ಗರಣೆ ಘಮಘಮ ಇದ್ದರೆ ಸಾರನ್ನು ಅನ್ನವಿಲ್ಲದೆ ಬಟ್ಟಲಲ್ಲೇ ಕುಡಿಯಬಹುದು.

ಎಲೆಗೆ ಬೀಳುವ ಮೂರು ಬಗೆಯ ಪದಾರ್ಥದಲ್ಲಿ ಒಂದನ್ನು ಆರಿಸಿಕೊಂಡರೆ ಅರ್ಧ ಪಥ್ಯ ಆದಂತೆಯೇ: ಮಾವಿನಕಾಯಿ ಚಿತ್ರಾನ್ನ, ಬಿಳಿ ಅನ್ನ, ಒಬ್ಬಟ್ಟು. ಒಬ್ಬಟ್ಟು ತಿನ್ನುವವರು ಚಿತ್ರಾನ್ನವನ್ನು ರುಚಿಗೆ ಎರಡು ತುತ್ತು ನೋಡಿ, ಅನ್ನವನ್ನು ಒಂದು ಸೌಟಿಗೆ ನಿಲ್ಲಿಸಲಿ. ಪಾಯಸವೂ ಇದ್ದರೆ ನೈವೇದ್ಯದ ಪ್ರಸಾದವೆಂದು ಒಂದು ಚಮಚ. ಕೊನೆಯಲ್ಲಿ ಮೊಸರನ್ನದ ಬದಲು ಇಂಗು, ಶುಂಠಿ ಹಾಕಿದ ನೀರುಮಜ್ಜಿಗೆ.

ತಿನ್ನುವ ಕ್ರಮವೂ ಮುಖ್ಯ. ತರಕಾರಿ, ಬೇಳೆಯನ್ನು ಮೊದಲು ತಿಂದು ಅನ್ನ, ಸಿಹಿಯನ್ನು ಆಮೇಲೆ ತಿಂದರೆ ಸಕ್ಕರೆ ಅಷ್ಟು ದಿಢೀರನೆ ಏರುವುದಿಲ್ಲ. ನಮ್ಮ ಎಲೆಯ ಮೇಲೆ ಇದಕ್ಕೆ ಬೇಕಾದ್ದೆಲ್ಲ ಇದ್ದೇ ಇದೆ. ಹೆಸರುಬೇಳೆ-ಸೌತೆಕಾಯಿ ಕೋಸಂಬರಿಯನ್ನು ಉಪ್ಪಿನಕಾಯಿಯಷ್ಟು ಬಡಿಸಿ ಮುಗಿಸಬೇಡಿ, ದೊಡ್ಡ ಪಾತ್ರೆಯಲ್ಲಿ ಕಲಸಿ. ಪಲ್ಯಕ್ಕೆ ಆಲೂಗಡ್ಡೆ ಬಿಟ್ಟು ಹುರುಳಿಕಾಯಿಯನ್ನೋ ಎಲೆಕೋಸನ್ನೋ ತನ್ನಿ. ಕೋಸಂಬರಿ, ಪಲ್ಯ, ಒಂದಿಷ್ಟು ತೊವ್ವೆ ಹೊಟ್ಟೆಗೆ ಇಳಿದ ಮೇಲೆ ಅನ್ನದ ಪಾತ್ರೆ ಹೊರಗೆ ಬರಲಿ. ಬಿ.ಪಿ. ಇರುವವರು ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಕಡೆ ಕೈ ಬಿಗಿಹಿಡಿಯಬೇಕು.

ಬಡಿಸುವವರಿಗೆ ಒಂದು ಮಾತು ಹೇಳಲೇಬೇಕು. ಬೇಡ ಎಂದರೂ ಹಾಕುವುದೇ ಉಪಚಾರ ಎಂದು ನಾವು ಕಲಿತು ಬಂದಿದ್ದೇವೆ. ಸಕ್ಕರೆ ಕಾಯಿಲೆಯವರ ಎಲೆಗೆ ಆ ಉಪಚಾರ ಬೇಡ. ಅವರು ಎಲೆಗೆ ಕೈ ಅಡ್ಡ ಹಿಡಿದರೆ ಅಲ್ಲಿಗೆ ನಿಲ್ಲಿಸಿ. "ನನ್ನ ಮೇಲಾಣೆ" ಎನ್ನಬೇಡಿ. ಉಪಚಾರ ಮಾಡುವ ಆಸೆಯಿದ್ದರೆ ಕೋಸಂಬರಿ ಪಾತ್ರೆ ಹಿಡಿದು ಮತ್ತೆ ಬನ್ನಿ. ನೆಂಟರ ಮನೆಗೆ ಊಟಕ್ಕೆ ಹೋಗುವವರು ಪಥ್ಯವನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ, ಎಲೆ ಮುಂದೆ ಕೂತು ಹೇಳಿದರೆ ಅತ್ತಿಗೆಯೋ ಚಿಕ್ಕಮ್ಮನೋ ನೊಂದುಕೊಳ್ಳುತ್ತಾರೆ. ಬಡಿಸಲು ಬಂದಾಗ "ಸಿಹಿ ಸಾಕು, ನಿಮ್ಮ ಪಲ್ಯ ಬಹಳ ಚೆನ್ನಾಗಿದೆ, ಇನ್ನೊಂದಿಷ್ಟು ಹಾಕಿ" ಎನ್ನಿ. ಕೇಳಿ ಹಾಕಿಸಿಕೊಂಡರೆ ಬಡಿಸಿದವರಿಗೂ ತೃಪ್ತಿ.

ಊಟವಾದ ಕೂಡಲೇ ಚಾಪೆ ಹಾಸಬೇಡಿ. ಅಂಗಳದಲ್ಲೋ ಟೆರೇಸಿನಲ್ಲೋ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ. ಒಬ್ಬರನ್ನೇ ಕಳಿಸಬೇಡಿ, ಮೊಮ್ಮಕ್ಕಳು ಜೊತೆಗೆ ಹೋಗಲಿ.

ಹಬ್ಬದ ದಿನದ ಒಂದು ಒಬ್ಬಟ್ಟಿಗಿಂತ ಆಮೇಲೆ ಡಬ್ಬಿಯಲ್ಲಿ ಉಳಿದವೇ ಹೆಚ್ಚು ತೊಂದರೆ ಕೊಡುತ್ತವೆ. ಮಾರನೆಯ ದಿನ ಹೊಸತೊಡಕಿನ ಬಾಡೂಟ ಮಾಡುವ ಮನೆಗಳಲ್ಲಂತೂ ಅದೂ ಇದೂ ಸೇರಿಬಿಡುತ್ತದೆ. ಉಳಿಯುವಷ್ಟು ಮಾಡಬೇಡಿ, ಮಾಡಿದರೆ ಅಂದೇ ಸಂಜೆ ಅಕ್ಕಪಕ್ಕದ ಮನೆಗೆ, ಕೆಲಸಕ್ಕೆ ಬರುವವರಿಗೆ ಕೊಟ್ಟುಬಿಡಿ.

ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ಊಟಕ್ಕೆ ಕೂತು ಎರಡು ಗಂಟೆ ಕಳೆದ ಮೇಲೆ ಒಂದು ಸಲ ನೋಡಿ. ಸಾಮಾನ್ಯವಾಗಿ ಡಾಕ್ಟರು 180ರ ಒಳಗಿರಲಿ ಎನ್ನುತ್ತಾರೆ. ನಿಮಗೆ ಬೇರೆ ಹೇಳಿದ್ದರೆ ಅದೇ ಸರಿ. ಬಂದ ಅಂಕಿಯನ್ನೂ ಎಲೆಯ ಮೇಲೆ ಏನೇನು, ಎಷ್ಟೆಷ್ಟು ತಿಂದಿರೆಂಬುದನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಗೌರಿ-ಗಣೇಶನ ಹಬ್ಬಕ್ಕೆ ಕಡುಬು ಎಷ್ಟು ಬಡಿಸಬಹುದೆಂದು ಅದನ್ನು ನೋಡಿಯೇ ಹೇಳಬಹುದು.