ಕಲ್ಲಿನ ಕಾಂಪೌಂಡಿಗೆ ಎಲ್‌ಇಡಿ ಸ್ಟ್ರಿಪ್: ನಾನು ಮಾಡಿಕೊಂಡ ಬಗೆ

ಮನೆ ಹೊರಗೆ ಎಲ್‌ಇಡಿ ಸ್ಟ್ರಿಪ್ ಹಾಕಬೇಕು ಅಂದರೆ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ನಾನು ಮೊದಲು ನೋಡಿದ್ದು ಡ್ರೈವರ್ ಕೂರಿಸುವ ಜಾಗ. 230 ವೋಲ್ಟ್ ಕರೆಂಟನ್ನು 12 ಅಥವಾ 24 ವೋಲ್ಟ್ ಡಿಸಿಗೆ ಇಳಿಸುವ ಡಬ್ಬಿ ಅದು. ಅಂಗಡಿಯಲ್ಲಿ ಅಡಾಪ್ಟರ್ ಅಂತಲೂ ಕೇಳುತ್ತಾರೆ, ಎಸ್‌ಎಂಪಿಎಸ್ ಅಂತಲೂ ಕೇಳುತ್ತಾರೆ. ಅದು ಎಲ್ಲಿ ಕೂರುತ್ತದೆ ಅಂತ ಗೊತ್ತಾದರೆ ಎಷ್ಟು ವೋಲ್ಟಿನ ಸ್ಟ್ರಿಪ್, ಎಷ್ಟು ದಪ್ಪದ ವೈರು, ಜಾಯಿಂಟು ಎಲ್ಲಿ ಬರಬೇಕು ಅನ್ನುವುದೆಲ್ಲ ಒಂದರ ಹಿಂದೆ ಒಂದು ತೀರ್ಮಾನವಾಗುತ್ತದೆ. ಹೊರಗಡೆ ಸ್ಟ್ರಿಪ್ ಕೆಡುವುದು ದೀಪದಿಂದ ಅಲ್ಲ. ನೀರು ನುಗ್ಗುವ ಜಾಯಿಂಟಿನಿಂದ, ಬಿಸಿಯಾಗುವ ಡ್ರೈವರಿನಿಂದ.

ನಮ್ಮ ಮನೆ ಚಿತ್ರದುರ್ಗದ ತುರುವನೂರು ರಸ್ತೆ ಕಡೆ. ಮುಂದೆ ಸೈಜುಗಲ್ಲಿನ ಕಾಂಪೌಂಡು, ಬಾಗಿಲಿಗೆ ಪಾಲಿಶ್ ಗ್ರಾನೈಟಿನ ಮೂರು ಮೆಟ್ಟಿಲು. ಕಾಂಪೌಂಡಿನ ಒಳಬದಿಗೆ 10 ಮೀಟರ್, ಮೆಟ್ಟಿಲಿಗೆ ತಲಾ 1 ಮೀಟರ್, ಇಷ್ಟು ಬೆಳಕು ಬೇಕಿತ್ತು. ಡ್ರೈವರಿಗೆ ಪೋರ್ಟಿಕೋದ ಸಜ್ಜಾ ಕೆಳಗಿನ ಗೋಡೆ ಆರಿಸಿಕೊಂಡೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಕೈಗೆ ಎಟುಕುತ್ತದೆ, ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇದೆ. ಅಲ್ಲಿಂದ ಕಾಂಪೌಂಡಿನ ಸ್ಟ್ರಿಪ್ಪಿಗೆ ವೈರಿನ ದಾರಿ 8 ಮೀಟರ್.

ಈ 8 ಮೀಟರೇ 12 ವೋಲ್ಟ್ ಬೇಡ ಅಂತ ಹೇಳಿಬಿಟ್ಟಿತು. ಲೆಕ್ಕ ಸುಲಭ ಇದೆ. ಮೀಟರಿಗೆ 9.6 ವ್ಯಾಟ್ ಇರುವ ಸ್ಟ್ರಿಪ್ 10 ಮೀಟರಿಗೆ 96 ವ್ಯಾಟ್ ಎಳೆಯುತ್ತದೆ. ಅದನ್ನು 12 ವೋಲ್ಟಿನಲ್ಲಿ ಕೊಟ್ಟರೆ 8 ಆಂಪಿಯರ್, 24 ವೋಲ್ಟಿನಲ್ಲಿ ಕೊಟ್ಟರೆ ಬರೀ 4. ನಾವು ಮನೆಗೆ ಎಳೆಯುವ 1.5 ಚದರ ಮಿಲಿಮೀಟರ್ ತಾಮ್ರದ ವೈರು ಕಿಲೋಮೀಟರಿಗೆ ಸುಮಾರು 12 ಓಮ್ ಅಡ್ಡಿ ಮಾಡುತ್ತದೆ. ಹೋಗಿ ಬರುವ ದಾರಿ ಸೇರಿ 16 ಮೀಟರ್ ಆದರೆ 0.19 ಓಮ್. 12 ವೋಲ್ಟಿನಲ್ಲಿ ಸ್ಟ್ರಿಪ್ ಮುಟ್ಟುವ ಮೊದಲೇ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿ ಹೋಗುತ್ತದೆ, ಅಂದರೆ ಶೇಕಡಾ 13. 24 ವೋಲ್ಟಿನಲ್ಲಿ ಹೋಗುವುದು ಮುಕ್ಕಾಲು ವೋಲ್ಟ್, ಶೇಕಡಾ 3. ಮೊದಲನೆಯದರಲ್ಲಿ ಬೆಳಕು ಮಂಕಾಗುವುದು ಕಣ್ಣಿಗೇ ಕಾಣುತ್ತದೆ. ಎರಡನೆಯದರಲ್ಲಿ ಗೊತ್ತೇ ಆಗುವುದಿಲ್ಲ.

ಸ್ಟ್ರಿಪ್ ಒಳಗಿನ ತಾಮ್ರ ಇನ್ನೂ ತೆಳು. 12 ವೋಲ್ಟಿನದನ್ನು ಒಂದೇ ತುದಿಯಿಂದ 5 ಮೀಟರಿಗಿಂತ ಜಾಸ್ತಿ ಓಡಿಸಿದರೆ ಇನ್ನೊಂದು ತುದಿ ಸೊರಗುತ್ತದೆ. 24 ವೋಲ್ಟಿನದು 10 ಮೀಟರ್‌ವರೆಗೆ ತಾಳುತ್ತದೆ ಅಂತಾರೆ. ಆದರೂ ನಾನು ಕರೆಂಟನ್ನು ಕಾಂಪೌಂಡಿನ ನಡುಮಧ್ಯಕ್ಕೆ ಕೊಟ್ಟು, ಆ ಕಡೆ 5 ಈ ಕಡೆ 5 ಮೀಟರ್ ಬಿಟ್ಟೆ. ಎರಡೂ ತುದಿ ಒಂದೇ ಥರ ಉರಿಯುತ್ತವೆ.

ಅಂಗಡಿ ಹುಡುಗ ಮೊದಲು ತೋರಿಸಿದ್ದು ನೇರ 230 ವೋಲ್ಟಿಗೆ ಹಾಕುವ ಹಗ್ಗದಂಥ ಸ್ಟ್ರಿಪ್. "ಅಕ್ಕ, ಇದಕ್ಕೆ ಅಡಾಪ್ಟರೇ ಬೇಡ, ರೇಟೂ ಕಮ್ಮಿ" ಅಂದ. ಗಣೇಶನ ಪೆಂಡಾಲಿಗೆ, ಮದುವೆ ಮನೆಗೆ ಅದು ಸರಿ. ನಾಲ್ಕು ದಿನ ಹಾಕಿ ಬಿಚ್ಚುತ್ತಾರೆ. ವರ್ಷಗಟ್ಟಲೆ ಕಾಂಪೌಂಡಿನ ಮೇಲೆ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ, ಗಿಡಕ್ಕೆ ನೀರು ಬಿಡುವ ಪೈಪಿನ ಪಕ್ಕದಲ್ಲಿ ಅದು ಬೇಡವೇ ಬೇಡ. ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಸೀಳಿದರೂ ಅಲ್ಲಿ ಕೈ ತಾಗುವುದು ಮನೆ ಕರೆಂಟಿಗೆ.

ಆಮೇಲೆ 24 ವೋಲ್ಟಿನ ರೋಲುಗಳನ್ನು ತೆಗೆದ. ಎಲ್ಲವೂ "ವಾಟರ್‌ಪ್ರೂಫೇ ಅಕ್ಕ". ಐಪಿ ಎಷ್ಟು ಅಂತ ಕೇಳಿದೆ. ಐಪಿ ನಂಬರಿನ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 65 ಅಂದರೆ ಧೂಳು ಒಳಗೆ ಹೋಗಲ್ಲ, ಪೈಪಿನಲ್ಲಿ ಹಾರಿಸಿದ ನೀರನ್ನು ತಡೆಯುತ್ತದೆ. 67 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಏನೂ ಆಗಬಾರದು. 65ರ ಸ್ಟ್ರಿಪ್‌ಗಳಲ್ಲಿ ಹೆಚ್ಚಿನವಕ್ಕೆ ಮೇಲ್ಭಾಗಕ್ಕೆ ಮಾತ್ರ ಅಂಟಿನ ಲೇಪ ಇರುತ್ತದೆ, ಕೆಳಗೆ ಬರೀ ಅಂಟುಪಟ್ಟಿ. 67ರದ್ದು ಸುತ್ತಲೂ ಸಿಲಿಕಾನ್ ಕೊಳವೆಯ ಒಳಗೆ ಇರುತ್ತದೆ. ನಾನು 67 ತೆಗೆದುಕೊಂಡೆ.

"ನಮ್ಮೂರಲ್ಲಿ ಮಳೆ ಎಲ್ಲಿದೆ, ಸುಮ್ನೆ ದುಡ್ಡು ದಂಡ" ಅನ್ನುವವರು ಇದ್ದಾರೆ. ಮಳೆ ಕಮ್ಮಿ, ಒಪ್ಪುತ್ತೇನೆ. ಆದರೆ ಗಾಳಿ? ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಚೆಂದಕ್ಕಲ್ಲವಲ್ಲ. ಬರುವ ನಾಲ್ಕು ಹನಿಯೂ ಅಡ್ಡಡ್ಡ ಹೊಡೆಯುತ್ತವೆ. ಸಜ್ಜಾ ಕೆಳಗೆ ಇದೆ, ನೆನೆಯಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಿಕ್ಕ ದಿನವೆಲ್ಲ ಕೆಂಪು ಧೂಳು. ಇದರ ಜೊತೆಗೆ ಬೇಸಿಗೆಯಲ್ಲಿ ಸಂಜೆ ಏಳರವರೆಗೂ ಕಲ್ಲು ಕಾದೇ ಇರುತ್ತದೆ. ದೀಪ ಹತ್ತಿಸುವುದೂ ಅದೇ ಹೊತ್ತಿಗೆ.

ಅದಕ್ಕೇ ಸ್ಟ್ರಿಪ್ಪಿನ ಹಿಂದಿನ ಅಂಟನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಉರುಟು ಕಲ್ಲಿಗೆ ಅದು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಸ್ಟ್ರಿಪ್ ಕೂರುವ ಉದ್ದನೆಯ ಲೋಹದ ಪಟ್ಟಿ, ಹಾಕಿಸಿದೆ. ಅದು ಸ್ಟ್ರಿಪ್ಪಿಗೆ ಆಸರೆಯೂ ಆಗುತ್ತದೆ, ಬಿಸಿಯನ್ನೂ ಎಳೆದುಕೊಳ್ಳುತ್ತದೆ. 2 ಮೀಟರಿನ ತುಂಡುಗಳು. ಬಿಸಿಲಿಗೆ 30 ಡಿಗ್ರಿ ಏರಿದರೆ ಒಂದೊಂದು ತುಂಡೂ ಹೆಚ್ಚುಕಮ್ಮಿ ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಹಾಗಾಗಿ ತುಂಡು ತುಂಡಿನ ನಡುವೆ 2 ಮಿಲಿಮೀಟರ್ ಸಂದು ಬಿಟ್ಟೆ. ಗ್ರಾನೈಟಿಗೆ ಡ್ರಿಲ್ ಹಾಕುವ ಗೋಜಿಗೂ ಹೋಗಲಿಲ್ಲ. ಕಲ್ಲು ಕಲ್ಲಿನ ನಡುವಿನ ಸಿಮೆಂಟ್ ಸಂದಿನಲ್ಲೇ ತೂತು ಹೊಡೆದು, ಪ್ಲಗ್ ಕೂರಿಸಿ, ಸ್ಟೀಲ್ ಸ್ಕ್ರೂ ಬಿಗಿದೆ. ಸಂದು ಎಲ್ಲಿ ಬರುತ್ತದೋ ಅಲ್ಲೇ ಕ್ಲಿಪ್ಪು. ಅಳತೆ ಚೂರು ಹೆಚ್ಚುಕಮ್ಮಿ ಇದೆ, ಆದರೆ ಕಾಂಪೌಂಡಿನ ತಲೆಗಲ್ಲಿನ ಕೆಳಗೆ ಬಗ್ಗಿ ನೋಡುವವರು ಯಾರು?

ಬೆಳಕಿನ ಬಣ್ಣದ ವಿಷಯಕ್ಕೆ ಮನೆಯಲ್ಲಿ ಸಣ್ಣ ಪಂಚಾಯಿತಿ ಆಯಿತು. ಅತ್ತೆಗೆ 6500 ಕೆಲ್ವಿನ್ನಿನ (ಬೆಳಕಿನ ಛಾಯೆಯ ಅಳತೆ ಇದು) ಬೆಳ್ಳನೆ ಬೆಳಕು ಬೇಕು. "ಬೆಳ್ಳಗಿದ್ರೆ ಎಲ್ಲ ಚೆನ್ನಾಗಿ ಕಾಣ್ಸುತ್ತಲ್ಲಮ್ಮಾ" ಅಂದರು. "ಕಾಣ್ಸುತ್ತೆ ಅತ್ತೆ, ಆದ್ರೆ ಮಳೆಹುಳನೂ ಅದಕ್ಕೇ ಬರ್ತವೆ. ಬೆಳಿಗ್ಗೆ ಗುಡಿಸೋರು ಯಾರು?" ಅಂದೆ. ಅಲ್ಲಿಗೆ ಮಾತು ಮುಗಿಯಿತು. ನೀಲಿ ಅಂಶ ಜಾಸ್ತಿ ಇರುವ ಬಿಳಿ ಬೆಳಕು ಹುಳಗಳನ್ನು ಹೆಚ್ಚು ಸೆಳೆಯುತ್ತದೆ. 3000 ಕೆಲ್ವಿನ್ನಿನ ಹಳದಿ ಛಾಯೆಗೆ ಅವು ಬರುವುದೇ ಇಲ್ಲ ಅಂತಲ್ಲ, ಕಮ್ಮಿ ಬರುತ್ತವೆ. ನಮ್ಮ ಕಡೆಯ ಕಲ್ಲಿಗೂ ಅದೇ ಒಪ್ಪುತ್ತದೆ.

ಸ್ಟ್ರಿಪ್ಪಿನ ಜಾತಿಯಲ್ಲಿ ಮಾತ್ರ ಎರಡು ಥರ ತಂದೆ. ಕಾಂಪೌಂಡಿಗೆ ಮೀಟರಿಗೆ 120 ದೀಪ ಇರುವ ಮಾಮೂಲಿ 2835, ಅಂದರೆ 2.8 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಉದ್ದದ ದೀಪದ್ದು. ಮೆಟ್ಟಿಲಿಗೆ ಸಿಒಬಿ. ಕಾರಣ ಕಲ್ಲೇ. ಉಳಿ ಹೊಡೆದ ಸೈಜುಗಲ್ಲಿನ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಚುಕ್ಕೆಗಳು ಕರಗಿ ಹೋಗುತ್ತವೆ, ಉಳಿಯ ಒಂದೊಂದು ಗೀರೂ ಎದ್ದು ಕಾಣುತ್ತದೆ. ಪಾಲಿಶ್ ಗ್ರಾನೈಟ್ ಕನ್ನಡಿಯ ಹಾಗೆ. ಅದರ ಪಕ್ಕ ಮಾಮೂಲಿ ಸ್ಟ್ರಿಪ್ ಹಿಡಿದರೆ ದೀಪದ ಸಾಲೆಲ್ಲ ಚುಕ್ಕಿ ಚುಕ್ಕಿಯಾಗಿ ನೆಲದಲ್ಲಿ ಮೂಡುತ್ತದೆ. ಸಿಒಬಿಯಲ್ಲಿ ದೀಪಗಳು ಒತ್ತೊತ್ತಾಗಿ ಒಂದೇ ಲೇಪದ ಕೆಳಗಿರುವುದರಿಂದ ಗೆರೆಯಂತೆ ಉರಿಯುತ್ತದೆ. ಅದು ದುಬಾರಿ, ಕಾಂಪೌಂಡಿಗೂ ಅದನ್ನೇ ಹಾಕಿದ್ದರೆ ದುಡ್ಡು ವೇಸ್ಟ್.

ಮೆಟ್ಟಿಲಿನಲ್ಲಿ ಸ್ಟ್ರಿಪ್ ಎಲ್ಲಿ ಕೂರಬೇಕು ಅನ್ನುವುದನ್ನು ಬೆಳಗಿನ ಬಕೆಟ್ ನೀರು ತೀರ್ಮಾನಿಸಿತು. ದಿನಾ ಬಾಗಿಲಿಗೆ ನೀರು ಹಾಕಿ ತೊಳೆಯುತ್ತೇವೆ, ರಂಗೋಲಿ ಬಿಡುತ್ತೇವೆ. ಕೆಳಮೂಲೆಯಲ್ಲಿ ಇಟ್ಟರೆ ನೀರು ನಿಲ್ಲುವುದು ಅಲ್ಲೇ. ಹಾಗಾಗಿ ಪ್ರತಿ ಮೆಟ್ಟಿಲಿನ ಮೂತಿಯ ಕೆಳಗೆ, ಬೆಳಕು ಕೆಳಗೆ ಬೀಳುವಂತೆ ಒಳಸರಿಸಿ ಹಾಕಿದೆ. ಕಣ್ಣಿಗೆ ಚುಚ್ಚುವುದಿಲ್ಲ, ಪೊರಕೆಯೂ ತಾಗುವುದಿಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆ ಮಾತ್ರ ಪ್ರೊಫೈಲ್ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಬೇಕು.

ಈಗ ಜಾಯಿಂಟು. ಸ್ಟ್ರಿಪ್ಪನ್ನು ಕತ್ತರಿ ಗುರುತು ಇರುವಲ್ಲೇ ಕತ್ತರಿಸಬೇಕು, ಮಧ್ಯೆ ಎಲ್ಲೋ ಕತ್ತರಿಸಿದರೆ ಆ ತುಂಡಿನ ದೀಪ ಹತ್ತುವುದಿಲ್ಲ. ಕತ್ತರಿಸಿದ ಕ್ಷಣಕ್ಕೆ ಐಪಿ 67 ಅನ್ನುವುದು ಅಲ್ಲಿಗೆ ಮುಗಿಯಿತು. ಆ ತುದಿಗೆ ನೀರು ಹೋಗದಂತೆ ಮಾಡುವುದು ಪೂರ್ತಿ ನಮ್ಮ ಕೆಲಸ. ಒತ್ತಿ ಕೂರಿಸುವ ಕ್ಲಿಪ್ ಸಿಗುತ್ತವೆ, ಮನೆ ಒಳಗೆ ಚೆನ್ನಾಗಿವೆ. ಹೊರಗೆ ನಾನು ನಂಬುವುದು ಸೋಲ್ಡರ್ ಮಾತ್ರ. ಕೊಳವೆಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸುಲಿದು, ವೈರು ಸೋಲ್ಡರ್ ಮಾಡಿ, ತುದಿಗೆ ಸಿಲಿಕಾನ್ ತುಂಬಿ ಎಂಡ್ ಕ್ಯಾಪ್ ಕೂರಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ಎಳೆದೆ.

ಈ ಸಿಲಿಕಾನ್ ವಿಷಯದಲ್ಲಿ ಒಂದು ಮಾತು. ಟ್ಯೂಬ್ ಬಿಚ್ಚಿದರೆ ವಿನೆಗರ್ ವಾಸನೆ ಬಂದರೆ ಅದು ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನೂ ಸೋಲ್ಡರನ್ನೂ ತಿನ್ನುತ್ತದೆ. ಬಾತ್‌ರೂಮ್ ಸಿಂಕಿಗೆ ಹಚ್ಚುವುದು ಸಾಮಾನ್ಯವಾಗಿ ಅದೇ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಒಣಗಲು ಒಂದು ದಿನ ಬಿಟ್ಟು, ಜಾಯಿಂಟ್ ಮಾಡಿದ ತುಂಡನ್ನು ಕರೆಂಟ್ ಕೊಡದೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ನೋಡಿದೆ. ಒಳಗೆ ಹನಿ ಕಾಣದ ಮೇಲೆಯೇ ಪ್ರೊಫೈಲಿಗೆ ಏರಿಸಿದ್ದು. ಕೂರಿಸಿದ ಮೇಲೆ ಬಿಚ್ಚುವ ತಲೆನೋವು ಯಾರಿಗೆ ಬೇಕು, ಅಲ್ವಾ?

ವೈರು ಡಬ್ಬಿಯ ಒಳಗೆ ಹೋಗುವ ಕಡೆಯೆಲ್ಲ ಕೆಳಗಿನಿಂದಲೇ ಒಳಗೆ ಬಿಟ್ಟೆ. ಅದಕ್ಕೂ ಮೊದಲು ವೈರನ್ನು ಸ್ವಲ್ಪ ಜೋಲು ಬಿಟ್ಟರೆ, ಅದರ ಮೇಲೆ ಹರಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಡಬ್ಬಿಗೆ ಏರುವುದಿಲ್ಲ. ಖರ್ಚಿಲ್ಲದ ಕೆಲಸ ಇದು.

ಡ್ರೈವರಿನ ಲೆಕ್ಕ ಹೀಗೆ: ಕಾಂಪೌಂಡಿಗೆ 96 ವ್ಯಾಟ್, ಮೆಟ್ಟಿಲಿನ ಸಿಒಬಿಗೆ ಮೀಟರಿಗೆ 8ರಂತೆ 24. ಒಟ್ಟು 120. ಡ್ರೈವರಿಗೆ ಅದರ ಶಕ್ತಿಯ ಶೇಕಡಾ 80ಕ್ಕಿಂತ ಜಾಸ್ತಿ ಹೊರೆ ಹಾಕಬಾರದು, ಹಾಗಾಗಿ 150 ವ್ಯಾಟಿನದು. ಐಪಿ 67ರ ಲೋಹದ ಮೈಯದು. ಚೆಂದಕ್ಕೆ ಅಂತ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅದಕ್ಕೆ ಗಾಳಿ ಬೇಕು. 230 ವೋಲ್ಟಿನ ಕಡೆಯ ಜೋಡಣೆಯನ್ನು ನಮ್ಮ ಮನೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ. ಡ್ರೈವರಿನ ಮೈಗೆ ಅರ್ಥಿಂಗ್, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್. ಈ ಎರಡರಲ್ಲಿ ಚೌಕಾಸಿ ಇಲ್ಲ.

ಎಲ್ಲ ಹತ್ತಿಸಿ ದಿನಕ್ಕೆ 4 ಗಂಟೆ ಉರಿಸಿದರೆ ಸುಮಾರು ಅರ್ಧ ಯೂನಿಟ್, ತಿಂಗಳಿಗೆ 15. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಯ ಲೆಕ್ಕದ ಮೇಲೆ ಉಚಿತ ಯೂನಿಟ್ ನಿಗದಿ ಮಾಡಿರುವುದರಿಂದ ಈ 15 ಯೂನಿಟ್ ಅದರೊಳಗೆ ಹಿಡಿಸುತ್ತದಾ ಅಂತ ಬೆಸ್ಕಾಂ ಬಿಲ್ ತೆಗೆದು ನೋಡಿಕೊಳ್ಳಿ. ನಾನು ಕಾಂಪೌಂಡಿಗೂ ಮೆಟ್ಟಿಲಿಗೂ ಬೇರೆ ಬೇರೆ ಸ್ವಿಚ್ ಇಟ್ಟಿದ್ದೇನೆ. ಊಟ ಆದ ಮೇಲೆ ಕಾಂಪೌಂಡ್ ಆರಿಸಿ, ಮೆಟ್ಟಿಲು ಮಾತ್ರ ಬಿಡುತ್ತೇವೆ.

ಕೊಳ್ಳುವಾಗ ಅದೇ ರೋಲಿನಿಂದ ಒಂದು ಮೀಟರ್ ಜಾಸ್ತಿ ತೆಗೆದಿಟ್ಟುಕೊಳ್ಳಿ. 3000 ಕೆಲ್ವಿನ್ ಅಂತ ಬರೆದಿದ್ದರೂ ಒಂದು ಕಂತಿನ ಮಾಲಿಗೂ ಇನ್ನೊಂದಕ್ಕೂ ಛಾಯೆ ಬೇರೆಯಾಗುತ್ತದೆ. ಮುಂದೆ ಎಂದಾದರೂ ಒಂದು ತುಂಡು ಬದಲಿಸಿದರೆ ಅದೊಂದೇ ಎದ್ದು ಕಾಣುತ್ತದೆ. ನಮ್ಮದು ಡ್ರೈವರಿನ ಬಿಲ್ಲಿನ ಜೊತೆ ಸುತ್ತಿ ಬೀರುವಿನ ಮೇಲಿಟ್ಟಿದ್ದೇನೆ.